ಕೆಟ್ಟವಳು ಅಂತ ಗೊತ್ತು, ಆದ್ರೂ ಇಷ್ಟ!

ವೀಕ್ಷಕರು ಕೇಳೋ ಪ್ರಶ್ನೆಗಳಲ್ಲಿ ಬೆಲೆ ಏರಿಕೆ, ಮಳೆ, ರಾಜಕೀಯ ಎಲ್ಲ ಮಾಮೂಲಿ. ಆದರೆ ಒಂದು ಪ್ರಶ್ನೆಯನ್ನ ಜನ ಸ್ವಲ್ಪ ಸಂಕೋಚಪಟ್ಟುಕೊಂಡೇ ಕೇಳ್ತಾರೆ. ಹಾಸನದ ಕಡೆಯ ತಾಯಿಯೊಬ್ಬರು ಕೇಳಿದ್ದು ಹೀಗೆ: "ಸರ್, ಸಂಜೆ ಸೀರಿಯಲ್ ನಾನು ನೋಡೋದೇ ಆ ವಿಲನ್ ಅತ್ತೆಗೋಸ್ಕರ. ಸೊಸೆ ಅಳೋಕೆ ಶುರು ಮಾಡಿದ್ರೆ ಎದ್ದು ಒಗ್ಗರಣೆ ಹಾಕೋಕೆ ಹೋಗ್ತೀನಿ. ಅತ್ತೆ ಬಂದ್ಲು ಅಂದ್ರೆ ಸ್ಟವ್ ಆರಿಸಿ ಬಂದು ಕೂತ್ಕೋತೀನಿ. ಅವಳು ಮಾಡೋದೆಲ್ಲ ತಪ್ಪು ಅಂತ ಗೊತ್ತು. ಆದ್ರೂ ಇಷ್ಟ. ನನ್ನಲ್ಲೇ ಏನಾದ್ರೂ ದೋಷ ಇದೆಯಾ?"

ದೋಷ ಇಲ್ಲ ತಾಯಿ. ಆದರೆ ದೋಷ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋ ವಿಷಯವೂ ಇದಲ್ಲ. "ಸೀರಿಯಲ್‌ಗಳಿಂದ ಸಂಸ್ಕೃತಿ ಹಾಳಾಯ್ತು, ಜನಕ್ಕೆ ಕೆಟ್ಟದ್ದೇ ರುಚಿಸ್ತಿದೆ" ಅಂತ ವೇದಿಕೆ ಮೇಲೆ ಭಾಷಣ ಬಿಗಿಯೋರು ಇದ್ದಾರಲ್ಲ, ಅವರು ಮೊದಲು ಮಂಡ್ಯ, ತುಮಕೂರು, ಹಾಸನದ ಹಳ್ಳಿಗಳ ಕಡೆ ಒಂದು ರಾತ್ರಿ ಹೋಗಿ ಬರಬೇಕು. ಅಲ್ಲಿ ಹಬ್ಬ, ಜಾತ್ರೆ ಬಂತು ಅಂದ್ರೆ 'ಕುರುಕ್ಷೇತ್ರ' ನಾಟಕ ಆಡ್ತಾರೆ. ಪಾತ್ರ ಮಾಡೋರು ರೈತರು, ಅಂಗಡಿಯೋರು, ಸರ್ಕಾರಿ ನೌಕರರು. ಇಲ್ಲಿ ನಟನಿಗೆ ಸಂಭಾವನೆ ಸಿಗಲ್ಲ. ನಟನೇ ಕೈಯಿಂದ ದುಡ್ಡು ಕಟ್ಟಿ ಪಾತ್ರ ತಗೋಬೇಕು. ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. ಅದರಲ್ಲಿ ದುಬಾರಿ ಪಾತ್ರ ಯಾವುದು ಅಂತೀರಿ? ಧರ್ಮರಾಯನದಾ? ಧರ್ಮರಾಯನ ವೇಷಕ್ಕೆ ಅಷ್ಟು ನೂಕುನುಗ್ಗಲು ಇರಲ್ಲ ಸ್ವಾಮಿ. ಕೃಷ್ಣನಿಗೆ ಬೇಡಿಕೆ ಇದೆ, ಅವನು ದೇವರು. ಅವನಿಗೆ ಸಮಸಮ ನಿಲ್ಲೋನು ದುರ್ಯೋಧನ. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳ ಸೀರೆ ಎಳೆಸಿದವನ ಪಾತ್ರ ಮಾಡೋಕೆ ಊರಿನ ಮರ್ಯಾದಸ್ಥರು ದುಡ್ಡು ಕಟ್ಟಿ ಕ್ಯೂ ನಿಲ್ತಾರೆ. ಕಿರೀಟ ಇಟ್ಟು, ಗದೆ ಹೆಗಲಿಗೇರಿಸಿ ಅವನು ರಂಗಕ್ಕೆ ಬಂದ ಕೂಡಲೇ ಶಿಳ್ಳೆ, ಹಾರ, ಬಂಧುಗಳಿಂದ ಆಯಿರಿ. ಆ ಊರಲ್ಲಿ ಯಾರಾದರೂ ದುರ್ಯೋಧನನ ನೀತಿಯನ್ನ ಒಪ್ಕೊಂಡಿದ್ದಾರಾ? ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಸಾವಿರ ವರ್ಷದ ಹಿಂದೆ, ಮುಧೋಳದ ರನ್ನ 'ಗದಾಯುದ್ಧ' ಬರೆದ. ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮ ವಿಜಯ'. ಅಂದ್ರೆ ಹೀರೋ ಭೀಮ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ರಾಜ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ಆದರೆ ಓದಿದವರ ಎದೆಯಲ್ಲಿ ಉಳಿಯೋದು ಯಾರು? ಹೆಣಗಳ ರಾಶಿಯ ನಡುವೆ ಸಂಜಯನ ಜೊತೆ ನಡೆದುಕೊಂಡು ಹೋಗೋ ದುರ್ಯೋಧನ. ಸತ್ತ ಗುರು ಸಿಗ್ತಾನೆ, ಸತ್ತ ತಮ್ಮ ಸಿಗ್ತಾನೆ, ಸತ್ತ ಮಗ ಸಿಗ್ತಾನೆ, ಕೊನೆಗೆ ಕರ್ಣ. ನಡುವೆ ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಅವನು ನಿಂತು, ಆ ಹುಡುಗನ ಶೌರ್ಯಕ್ಕೆ ತಲೆಬಾಗ್ತಾನೆ. ಅಭಿಮನ್ಯುವನ್ನ ಮೋಸದಿಂದ ಕೊಂದ ಪಾಳಯದ ದೊರೆಯೇ ಅವನು, ನೆನಪಿರಲಿ. ಆದರೂ ನಮಗೆ ಅಯ್ಯೋ ಅನ್ನಿಸುತ್ತೆ. ಬಿ.ಎಂ.ಶ್ರೀ ಅವರು ಮುಂದೆ ಇದನ್ನೇ ನಾಟಕ ಮಾಡಿದಾಗ ದುರ್ಯೋಧನನನ್ನೇ ದುರಂತ ನಾಯಕನಾಗಿ ನಿಲ್ಲಿಸಿದರು. ಹಾಗಾಗಿ ಕೆಟ್ಟವರ ಮೇಲಿನ ಅಕ್ಕರೆ ಟಿವಿ ಬಂದ ಮೇಲೆ ಹುಟ್ಟಿದ್ದು ಅನ್ನೋದು ಸುಳ್ಳು. ಟಿವಿ ಮಾಡಿದ್ದು ಬೇರೆ. ಜಾತ್ರೆಗೊಮ್ಮೆ ಬರ್ತಿದ್ದ ದುರ್ಯೋಧನನನ್ನ ಅದು ದಿನಾ ಸಂಜೆ ನಿಮ್ಮ ಮನೆ ಹಾಲ್‌ಗೆ ಕರ್ಕೊಂಡು ಬಂತು.

ಹೀಗೆ ಮನೆಗೇ ಬರೋ ವಿಲನ್‌ನ ತಾಕತ್ತು ಎಷ್ಟು ಅಂತ ಜಗತ್ತಿಗೆ ತೋರಿಸಿದ್ದು ಅಮೆರಿಕದ 'ಡಲ್ಲಾಸ್' ಧಾರಾವಾಹಿ. 1978ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾಯ್ತು. ಟೆಕ್ಸಾಸಿನ ಎಣ್ಣೆ ಬಾವಿ ಶ್ರೀಮಂತರ ಕಥೆ. ಮೂಲದಲ್ಲಿ ಅದು ಎರಡು ವೈರಿ ಮನೆತನಗಳ ಹುಡುಗ-ಹುಡುಗಿ ಮದುವೆಯಾಗೋ ಕಥೆ. ಬಾಬಿ ಮತ್ತು ಪ್ಯಾಮ್ ನಾಯಕ-ನಾಯಕಿ. ಬಾಬಿಗೆ ಒಬ್ಬ ಅಣ್ಣ, ಹೆಸರು ಜೆ.ಆರ್. ಯೂಯಿಂಗ್. ದೊಡ್ಡ ಹ್ಯಾಟು, ಬಾಯಿ ತುಂಬ ನಗು, ಮನಸ್ಸು ತುಂಬ ವಿಷ. ಹೆಂಡತಿಗೆ ಮೋಸ, ತಮ್ಮನಿಗೆ ಮೋಸ, ಪಾಲುದಾರರಿಗೆ ಮೋಸ. ಪಾತ್ರ ಮಾಡಿದ್ದು ಲ್ಯಾರಿ ಹ್ಯಾಗ್‌ಮನ್. ಪಕ್ಕದಲ್ಲಿ ನಿಲ್ಲಬೇಕಿದ್ದ ಈ ಪಾತ್ರ ನೋಡ್ತಾ ನೋಡ್ತಾ ಇಡೀ ಧಾರಾವಾಹಿಯನ್ನೇ ನುಂಗಿಹಾಕ್ತು. 1980ರ ಮಾರ್ಚ್ 21ರ ಕಂತಿನ ಕೊನೆಯಲ್ಲಿ ಯಾರೋ ಅವನಿಗೆ ಗುಂಡು ಹೊಡೀತಾರೆ. ಯಾರು? ಎಂಟು ತಿಂಗಳು ಉತ್ತರ ಇಲ್ಲ. ಆ ವರ್ಷ ಅಲ್ಲಿ ಅಧ್ಯಕ್ಷೀಯ ಚುನಾವಣೆ. ರೇಗನ್, ಕಾರ್ಟರ್ ಹಣಾಹಣಿ ನಡೀತಿದ್ರೂ ಜನರ ಬಾಯಲ್ಲಿ ಜೆ.ಆರ್.ಗೆ ಗುಂಡು ಹೊಡೆದವರು ಯಾರು ಅನ್ನೋ ಮಾತು. ಅದರ ಮಧ್ಯೆ ಹ್ಯಾಗ್‌ಮನ್ ಸಂಭಾವನೆ ಜಾಸ್ತಿ ಮಾಡಿ, ಇಲ್ಲಾಂದ್ರೆ ಬರಲ್ಲ ಅಂತ ಪಟ್ಟು ಹಿಡಿದ. ಕೊಟ್ಟರು. ಕೊಡದೆ ಏನು ಮಾಡ್ತಾರೆ? ನವೆಂಬರ್ 21ಕ್ಕೆ ಉತ್ತರ ಪ್ರಸಾರ ಆಯ್ತು. ಹೊಡೆದದ್ದು ಅವನ ನಾದಿನಿ ಕ್ರಿಸ್ಟಿನ್. ಅಮೆರಿಕ ಒಂದರಲ್ಲೇ ಆ ಕಂತು ನೋಡಿದವರು ಸುಮಾರು 8 ಕೋಟಿ 30 ಲಕ್ಷ ಜನ. ಒಳ್ಳೆ ತಮ್ಮ ಬಾಬಿಗೆ ಗುಂಡು ಬಿದ್ದಿದ್ರೆ ಇಷ್ಟು ಜನ ಕೂರ್ತಿದ್ರಾ? ನನಗಂತೂ ಅನುಮಾನ.

ಯಾಕೆ ಹೀಗೆ? ಇದರಲ್ಲಿ ಮನಸ್ಸಿನ ಮರ್ಮಕ್ಕಿಂತ ಮೊದಲು ಕಸುಬಿನ ಮರ್ಮ ಇದೆ. ವಾರಕ್ಕೆ ಐದಾರು ದಿನ ಒಂದು ಧಾರಾವಾಹಿ ಓಡಿಸಬೇಕು ಅಂದ್ಕೊಳ್ಳಿ. ಜಾಹೀರಾತು ಬಿಟ್ಟು ದಿನಕ್ಕೆ 20, 22 ನಿಮಿಷ ಕಥೆ ಬೇಕು. ಒಳ್ಳೆಯವರಿಗೆ ಕಥೆಯಲ್ಲಿ ಏನು ಕೆಲಸ? ಅವರಿಗೆ ಬೇಕಿರೋದು ನೆಮ್ಮದಿ. ನೆಮ್ಮದಿ ಸಿಕ್ಕಿದ ದಿನ ಸೀರಿಯಲ್ ಮುಗೀತು. ಬೆಳಿಗ್ಗೆ ಎದ್ದು "ಇವತ್ತು ಏನಾದ್ರೂ ಮಾಡಬೇಕು" ಅಂದುಕೊಳ್ಳೋದು ವಿಲನ್ ಒಬ್ಬಳೇ. ಹಾಲಿಗೆ ಏನೋ ಬೆರೆಸ್ತಾಳೆ, ಆಸ್ತಿ ಪತ್ರ ಬಚ್ಚಿಡ್ತಾಳೆ, ಫೋನ್ ಕದ್ದು ಕೇಳ್ತಾಳೆ. ಅವಳು ಯೋಚನೆ ಮಾಡ್ತಾಳೆ, ಯೋಜನೆ ಹಾಕ್ತಾಳೆ, ಸೋಲ್ತಾಳೆ, ಮತ್ತೆ ಎದ್ದು ನಿಲ್ತಾಳೆ. ಉಳಿದವರು ಬರೀ ಅನುಭವಿಸ್ತಾರೆ. ಮೇಲಾಗಿ ವಿಲನ್‌ಗೆ ಒಂದು ಸೌಲಭ್ಯ ಇದೆ. ತನ್ನ ಮನಸ್ಸಿನ ಮಾತನ್ನ ನೇರ ಕ್ಯಾಮೆರಾ ಕಡೆ ತಿರುಗಿ ಗಟ್ಟಿಯಾಗಿ ಹೇಳಿಕೊಳ್ತಾಳೆ. ಮನೆಯವರಿಗೆ ಯಾರಿಗೂ ಗೊತ್ತಿಲ್ಲದ ಗುಟ್ಟು ಅವಳಿಗೆ ಮತ್ತು ನಿಮಗೆ ಮಾತ್ರ ಗೊತ್ತು. ಗುಟ್ಟು ಹಂಚಿಕೊಂಡವರ ಮೇಲೆ ಸಲಿಗೆ ಬೆಳೆಯೋದು ಸಹಜ ಅಲ್ವಾ?

ಹಿಂದಿಯ 'ಕಸೌಟಿ ಜಿಂದಗೀ ಕೀ' ನೋಡಿದವರಿಗೆ ಕೊಮೋಲಿಕಾ ಮರೆತಿರಲ್ಲ. ಊರ್ವಶಿ ಧೋಲಕಿಯಾ ಮಾಡಿದ ಪಾತ್ರ. ಹಣೆ ಮೇಲೆ ದಿನಕ್ಕೊಂದು ಥರದ ಬಿಂದಿ, ಬೆರಳಲ್ಲಿ ಸುತ್ತೋ ಕೂದಲ ಎಳೆ, ಅವಳು ಬಂದ್ಲು ಅಂತ ಸಾರೋಕೆ ಅವಳದ್ದೇ ಒಂದು ಹಿನ್ನೆಲೆ ಸಂಗೀತ. ನಾಯಕಿ ಪ್ರೇರಣಾಳ ಹಾಗೆ ಸೀರೆ ಉಟ್ಟೋರು ಎಷ್ಟು ಜನವೋ, ಕೊಮೋಲಿಕಾಳ ಬಿಂದಿ ಅಂಗಡಿಯಲ್ಲಿ ಕೇಳಿ ತಗೊಂಡೋರು ಬಹಳ ಜನ.

ಇದು ಕಸುಬಿನ ಮಾತಾಯ್ತು. ಇನ್ನು ನಮ್ಮ ಒಳಗಿನ ಮಾತು. ಬಾಯಿ ತುದಿಗೆ ಬಂದ ಎಷ್ಟೋ ಉತ್ತರಗಳನ್ನ ದಿನಾ ನುಂಗಿಕೊಂಡು ಬದುಕೋ ಜನ ನಾವು. ಗಂಡನ ಮನೆಯವರ ಮುಂದೆ ನುಂಗ್ತೀವಿ, ಆಫೀಸಲ್ಲಿ ಸಾಹೇಬರ ಮುಂದೆ ನುಂಗ್ತೀವಿ, ಬಾಡಿಗೆ ಮನೆ ಓನರ್ ಮುಂದೆ ನುಂಗ್ತೀವಿ. ಪರದೆ ಮೇಲೆ ಒಬ್ಬಳು ನುಂಗೋದೇ ಇಲ್ಲ. ತಟ್ಟನೆ ಅಂದುಬಿಡ್ತಾಳೆ. ಹಾಗೆ ಅಂದಾಗ ಮೂವತ್ತು ವರ್ಷ ತಲೆ ತಗ್ಗಿಸಿ ಅಡುಗೆ ಮನೆಯಲ್ಲಿ ನಿಂತ ಹೆಣ್ಣುಮಗಳಿಗೆ ಒಳಗೆ ಏನೋ ತಣ್ಣಗಾಗುತ್ತೆ. ಅದನ್ನ ಕೆಟ್ಟತನ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೆಬೆಕ್ಕಾ ಕ್ರೌಸ್ ಮತ್ತು ಡೆರೆಕ್ ರಕರ್ ಅನ್ನೋ ಸಂಶೋಧಕರು 2020ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಥೆ, ಸಿನಿಮಾ ಪಾತ್ರಗಳ ಅಭಿಮಾನಿಗಳು ಸೇರೋ ಒಂದು ಜಾಲತಾಣದ 2 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನ ಅವರು ನೋಡಿದ್ರು. ಅವರಿಗೆ ಸಿಕ್ಕಿದ್ದೇನು? ಜನ ಸುಮ್ಮನೆ ಯಾವುದೋ ವಿಲನ್‌ನ ಇಷ್ಟಪಡಲ್ಲ. ತಮ್ಮ ಸ್ವಭಾವಕ್ಕೆ ಹತ್ತಿರ ಇರೋ ವಿಲನ್‌ನ ಇಷ್ಟಪಡ್ತಾರೆ. ಹಠ ಇರೋರಿಗೆ ಹಠಮಾರಿ ವಿಲನ್, ಜಾಣತನದ ಹೆಮ್ಮೆ ಇರೋರಿಗೆ ಜಾಣ ವಿಲನ್. ನಿಜ ಜೀವನದಲ್ಲಿ ಕೆಟ್ಟ ಮನುಷ್ಯನೊಬ್ಬ ನಮ್ಮ ಥರಾನೇ ಇದ್ದಾನೆ ಅಂದ್ರೆ ನಮಗೆ ಇರಿಸುಮುರಿಸು, ದೂರ ಸರೀತೀವಿ. ಕಥೆಯಲ್ಲಾದರೆ ಭಯ ಇಲ್ಲ. ನಮ್ಮದೇ ಕತ್ತಲ ಮುಖವನ್ನ ಹತ್ತಿರದಿಂದ ನೋಡೋಕೆ ಕಥೆ ಒಂದು ಬೇಲಿ ಕಟ್ಟಿಕೊಡುತ್ತೆ. ಬೇಲಿ ಆಚೆ ಹುಲಿ, ಈಚೆ ನಾವು.

ಹಾಗಾದ್ರೆ ತೊಂದರೆ ಎಲ್ಲಿದೆ? ಬೇಲಿ ಮುರಿದಾಗ ಇದೆ. ಅದು ಹೇಗೆ ಮುರಿಯುತ್ತೆ ಅನ್ನೋದಕ್ಕೆ ಎರಡು ದೊಡ್ಡ ಉದಾಹರಣೆ ಹೇಳ್ತೀನಿ.

ಮೊದಲನೇದು ಆರ್ಚಿ ಬಂಕರ್. 1971ರ ಜನವರಿಯಲ್ಲಿ ಅದೇ ಸಿಬಿಎಸ್‌ನಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಅನ್ನೋ ಹಾಸ್ಯ ಧಾರಾವಾಹಿ ಶುರುವಾಯ್ತು. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಒಬ್ಬ ಕಾರ್ಮಿಕ ಈ ಆರ್ಚಿ. ಮನೆಗೆ ಬಂದ್ರೆ ತನ್ನ ಕುರ್ಚಿಯಲ್ಲಿ ಬೇರೆ ಯಾರೂ ಕೂರೋ ಹಾಗಿಲ್ಲ. ಕರಿಯರು, ಯಹೂದಿಗಳು, ವಲಸಿಗರು, ಹೆಂಗಸರು, ಓದಿದ ಹುಡುಗರು, ಯಾರನ್ನೂ ಬಿಡದೆ ಬೈಯ್ತಾನೆ. ಹೆಂಡತಿ ಈಡಿತ್ ಬಾಯಿ ತೆರೆದರೆ ಸುಮ್ಮನಿರು ಅಂತ ಗದರ್ತಾನೆ. ಇದನ್ನ ಸೃಷ್ಟಿಸಿದ ನಾರ್ಮನ್ ಲಿಯರ್ ಸ್ವತಃ ಯಹೂದಿ, ಉದಾರವಾದಿ. ತನ್ನ ತಂದೆಯನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದ ಪಾತ್ರ ಅದು. ಇಂಥ ಸಣ್ಣ ಮನಸ್ಸನ್ನ ಪರದೆ ಮೇಲೆ ತಂದು ನಗಿಸಿದ್ರೆ ಜನ ಅದರ ಮೂರ್ಖತನ ನೋಡಿ ನಗ್ತಾರೆ ಅನ್ನೋ ಲೆಕ್ಕಾಚಾರ. ಜನ ನಕ್ಕರು. ಐದು ವರ್ಷ ಅಮೆರಿಕದ ನಂಬರ್ 1 ಕಾರ್ಯಕ್ರಮ ಅದು. ಆದರೆ ಯಾವುದಕ್ಕೆ ನಕ್ಕರು?

1974ರಲ್ಲಿ ನೀಲ್ ವಿಡ್ಮಾರ್, ಮಿಲ್ಟನ್ ರೋಕೀಚ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕ ಮತ್ತು ಕೆನಡಾದ ವೀಕ್ಷಕರನ್ನ ಕೇಳಿ ನೋಡಿ ಒಂದು ವರದಿ ಬರೆದರು. ಪೂರ್ವಗ್ರಹ ಕಡಿಮೆ ಇರೋರು, ಜಾಸ್ತಿ ಇರೋರು, ಇಬ್ಬರಿಗೂ ಕಾರ್ಯಕ್ರಮ ಇಷ್ಟವೇ. ಆದರೆ ಪೂರ್ವಗ್ರಹ ಇದ್ದೋರ ಕಣ್ಣಿಗೆ ಕೊನೆಯಲ್ಲಿ ಗೆಲ್ಲೋನು ಆರ್ಚಿ! ವಾದದಲ್ಲಿ ಅವನನ್ನ ಸೋಲಿಸೋ ಅಳಿಯ ಮೈಕ್ ಅವರಿಗೆ ನಗೆಪಾಟಲು. ಒಂದೇ ಕಂತು, ಒಂದೇ ಮಾತು, ಎರಡು ಮನೆಯಲ್ಲಿ ಎರಡು ಅರ್ಥ. ಲೇಖಕ ವ್ಯಂಗ್ಯ ಅಂದ್ಕೊಂಡು ಬರೆದದ್ದನ್ನ ಎಷ್ಟೋ ಜನ ಸತ್ಯ ಅಂತ ತಗೊಂಡ್ರು. "ನಾವು ಮನಸ್ಸಲ್ಲಿ ಇಟ್ಕೊಂಡಿದ್ದನ್ನ ಇವನು ಧೈರ್ಯವಾಗಿ ಹೇಳ್ತಾನೆ" ಅಂತ ಮೆಚ್ಚಿದ್ರು. ಆರ್ಚಿ ಬಂಕರ್ ಅಧ್ಯಕ್ಷ ಆಗಲಿ ಅಂತ ಟೀ ಶರ್ಟು, ಕಾರಿನ ಸ್ಟಿಕ್ಕರ್ ಮಾರಾಟ ಆದ್ವು. 1972ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಅವನ ಹೆಸರಿಗೆ ಒಂದು ಓಟೂ ಬಿತ್ತು. ತಮಾಷೆಗೇ ಇರಬಹುದು, ಆದರೂ ಓಟು ಓಟೇ. ಆರ್ಚಿಯ ಕುರ್ಚಿ ಇವತ್ತು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಒಂದು ಮಾತು ಒಪ್ಪಬೇಕು. ಕ್ಯಾರೊಲ್ ಒ'ಕಾನರ್ ಅನ್ನೋ ನಟ ಆ ಪಾತ್ರಕ್ಕೆ ಜೀವ ತುಂಬಿದ್ರು. ಆರ್ಚಿಯ ಭಯ, ಒಂಟಿತನ, ಹೆಂಡತಿ ಮೇಲಿನ ಹೇಳಿಕೊಳ್ಳಲಾರದ ಪ್ರೀತಿ ಎಲ್ಲ ಕಾಣಿಸ್ತಿತ್ತು. ಅಂಥವನನ್ನ ಮನುಷ್ಯ ಅಂತ ಇಷ್ಟಪಡೋದು ಬೇರೆ, ಅವನ ಮಾತನ್ನ ಸರಿ ಅಂತ ಇಷ್ಟಪಡೋದು ಬೇರೆ. ಆದರೆ ಈ ಎರಡಕ್ಕೂ ನಾವು ಬಳಸೋ ಪದ ಒಂದೇ, ಇಷ್ಟ. ಅದಕ್ಕೇ ಒಂದು ಯಾವಾಗ ಇನ್ನೊಂದಾಯ್ತು ಅಂತ ನಮಗೇ ತಿಳಿಯಲ್ಲ.

ತಿಳಿಯೋದು ಹೇಗೆ ಹಾಗಾದ್ರೆ? ಇದಕ್ಕೆ ಎರಡನೇ ಉದಾಹರಣೆ ನೋಡಬೇಕು. 'ಬ್ರೇಕಿಂಗ್ ಬ್ಯಾಡ್'. ಒಟಿಟಿ ಬಂದ ಮೇಲೆ ನಮ್ಮ ಬೆಂಗಳೂರು, ಮೈಸೂರಿನ ಹುಡುಗರೆಲ್ಲ ನೋಡಿದ್ದಾರೆ. ಮಗನೋ ಮಗಳೋ ರಾತ್ರಿ ಬಾಗಿಲು ಹಾಕ್ಕೊಂಡು ನೋಡ್ತಿದ್ದದ್ದು ಇದೇ ಇರಬಹುದು, ಕೇಳಿ ನೋಡಿ. 2008ರಿಂದ 2013ರವರೆಗೆ ಐದು ಸೀಸನ್, 62 ಕಂತು.

ಕಥೆ ಇಷ್ಟು. ವಾಲ್ಟರ್ ವೈಟ್, ಐವತ್ತು ವರ್ಷದ ಕೆಮಿಸ್ಟ್ರಿ ಮೇಷ್ಟ್ರು. ಸಂಬಳ ಸಾಲದೆ ಶಾಲೆ ಮುಗಿದ ಮೇಲೆ ಕಾರು ತೊಳೆಯೋ ಕಡೆ ಕೆಲಸ. ಅಂಗವೈಕಲ್ಯ ಇರೋ ಮಗ, ಬಸುರಿ ಹೆಂಡತಿ ಸ್ಕೈಲರ್. ಅಂಥ ಹೊತ್ತಲ್ಲಿ ಶ್ವಾಸಕೋಶದ ಕ್ಯಾನ್ಸರ್. ತಾನು ಸತ್ತ ಮೇಲೆ ಸಂಸಾರಕ್ಕೆ ದುಡ್ಡು ಬೇಕು ಅಂತ ಡ್ರಗ್ಸ್ ತಯಾರಿಸೋಕೆ ಇಳೀತಾನೆ. ಅಯ್ಯೋ ಪಾಪ ಅನ್ನಿಸೋದು ಸಹಜ. ನಮ್ಮಲ್ಲಿ ಆಸ್ಪತ್ರೆ ಬಿಲ್ ಕಟ್ಟೋಕೆ ಸೈಟು ಮಾರಿದ ಮೇಷ್ಟ್ರು ಎಷ್ಟು ಜನ ಇಲ್ಲ? ಆದರೆ ಮೊದಲ ಸೀಸನ್ ಮುಗಿಯೋದರೊಳಗೇ ಒಂದು ಘಟನೆ ಬರುತ್ತೆ. ಹಳೇ ಸ್ನೇಹಿತನೊಬ್ಬ, ಈಗ ದೊಡ್ಡ ಶ್ರೀಮಂತ, ಚಿಕಿತ್ಸೆ ಖರ್ಚು ನಾನೇ ಕೊಡ್ತೀನಿ ಅಂತಾನೆ. ವಾಲ್ಟರ್ ಬೇಡ ಅಂತಾನೆ. ಸಂಸಾರಕ್ಕಾಗಿ ಅನ್ನೋ ಕಾರಣ ಅಲ್ಲೇ ಮುಗಿದುಹೋಯ್ತು ನೋಡಿ. ಮುಂದಿನದ್ದೆಲ್ಲ ಅಹಂಕಾರ. ಕಣ್ಣೆದುರು ಒಬ್ಬ ಹುಡುಗಿ ಸಾಯ್ತಿದ್ರೂ ಕೈ ಕಟ್ಟಿ ನಿಲ್ತಾನೆ. ಒಂದು ಮಗುವಿಗೆ ವಿಷ ಉಣಿಸ್ತಾನೆ. ಕೊನೆಯ ಕಂತಲ್ಲಿ ಹೆಂಡತಿ ಎದುರು ಅವನೇ ಬಾಯಿಬಿಟ್ಟು ಒಪ್ಕೋತಾನೆ, ಇದೆಲ್ಲ ಮಾಡಿದ್ದು ತನಗೋಸ್ಕರ ಅಂತ.

ಈಗ ಕೇಳಿ. ಇಷ್ಟೆಲ್ಲ ಮಾಡಿದವನ ಮೇಲೆ ಜನಕ್ಕೆ ಸಿಟ್ಟು ಬಂತಾ? ಬಂತು, ಆದರೆ ಅವನ ಮೇಲಲ್ಲ. ಹೆಂಡತಿ ಮೇಲೆ! "ಎಲ್ಲಿಗೆ ಹೋಗಿದ್ದೆ? ಈ ದುಡ್ಡು ಎಲ್ಲಿಂದ ಬಂತು? ಮಕ್ಕಳಿಂದ ದೂರ ಇರು" ಅಂತ ಕೇಳಿದ ತಪ್ಪಿಗೆ ಸ್ಕೈಲರ್ ಲಕ್ಷಾಂತರ ಅಭಿಮಾನಿಗಳ ಕಣ್ಣಲ್ಲಿ ಗಯ್ಯಾಳಿ ಆದಳು. ಅವಳೂ ಸಂತೆ ಅಲ್ಲ, ಮುಂದೆ ಅವಳದ್ದೂ ತಪ್ಪುಗಳಿವೆ, ಗಂಡನ ಕಪ್ಪು ಹಣ ಬಿಳಿ ಮಾಡೋಕೆ ಕೈ ಜೋಡಿಸ್ತಾಳೆ. ಆದರೆ ಕೊಲೆ ಮಾಡಿದವನಿಗೆ ಸಿಕ್ಕ ಕ್ಷಮೆ ಅವಳಿಗೆ ಸಿಗಲಿಲ್ಲ. ಅವಳನ್ನ ದ್ವೇಷಿಸೋಕೆ ಅಂತಲೇ ಫೇಸ್‌ಬುಕ್ ಪುಟಗಳು ಹುಟ್ಟಿಕೊಂಡ್ವು. ಅಲ್ಲಿಗೂ ನಿಲ್ಲಲಿಲ್ಲ. ಪಾತ್ರ ಮಾಡಿದ ನಟಿ ಆನಾ ಗನ್ ಅವರ ಮೇಲೇ ಸಿಟ್ಟು ತಿರುಗ್ತು. 2013ರ ಆಗಸ್ಟ್‌ನಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಲೇಖನ ಬರೆದು ಇದನ್ನೆಲ್ಲ ಹೇಳಿಕೊಂಡರು. ಈಕೆ ಎಲ್ಲಿ ಸಿಗ್ತಾಳೆ ಹೇಳಿ, ಕೊಲ್ಲಬೇಕು ಅನ್ನೋ ಅರ್ಥದ ಪೋಸ್ಟ್‌ಗಳವರೆಗೂ ಹೋಗಿತ್ತು. ಗಂಡನ ಎದುರು ನಿಲ್ಲೋ, ಅವನ ಸರಿಸಮ ಮಾತಾಡೋ ಹೆಂಗಸನ್ನ ಕಂಡರೆ ಈ ಜನಕ್ಕೆ ಯಾಕೆ ಇಷ್ಟು ಉರಿ ಅನ್ನೋದು ಅವರ ಪ್ರಶ್ನೆ. ಅದೇ ಪಾತ್ರಕ್ಕೆ ಅವರಿಗೆ ಎರಡು ಸಲ ಎಮ್ಮಿ ಪ್ರಶಸ್ತಿ ಬಂತು ಅನ್ನೋದೂ ನಿಜ.

ಹಾಗಾಗಿ ನನ್ನ ಲೆಕ್ಕದಲ್ಲಿ ಅಳತೆಗೋಲು ಇಲ್ಲಿದೆ. ವಿಲನ್ ಎಷ್ಟು ಇಷ್ಟ ಅನ್ನೋದನ್ನ ಅಳೆಯೋಕೆ ಹೋಗಬೇಡಿ, ಅದರಿಂದ ಏನೂ ಗೊತ್ತಾಗಲ್ಲ. ವಿಲನ್‌ನ ತಡೆಯೋಕೆ ಬಂದವರ ಮೇಲೆ ನಿಮಗೆ ಏನನ್ನಿಸುತ್ತೆ ಅಂತ ನೋಡಿಕೊಳ್ಳಿ. ರನ್ನನ ದುರ್ಯೋಧನನಿಗೆ ಮರುಗಿದವರು ದ್ರೌಪದಿಯನ್ನ ಬೈಯ್ಯಲಿಲ್ಲ. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನಿಗೆ ಶಿಳ್ಳೆ ಹಾಕಿದ ಊರೇ ಬೆಳಗಿನ ಜಾವ ಭೀಮ ತೊಡೆ ಮುರಿದಾಗಲೂ ಶಿಳ್ಳೆ ಹಾಕುತ್ತೆ. ಅಲ್ಲಿ ಬೇಲಿ ಗಟ್ಟಿಯಾಗಿದೆ. ವಾಲ್ಟರ್ ವೈಟ್ ಅಭಿಮಾನಿಗಳಲ್ಲಿ ಕೆಲವರಿಗೆ ಅದು ಮುರಿದುಬಿತ್ತು. ಮುರಿದದ್ದಕ್ಕೆ ಗುರುತೇ ಸ್ಕೈಲರ್ ಮೇಲಿನ ಕೋಪ.

ನಮ್ಮ ಸೀರಿಯಲ್‌ಗೆ ಬನ್ನಿ. ಸೊಸೆ ಅತ್ತರೆ ಎದ್ದು ಹೋಗ್ತೀನಿ ಅಂದ್ರಲ್ಲ ಆ ತಾಯಿ, ಅದರಲ್ಲಿ ತಪ್ಪು ಹುಡುಕೋಕೆ ಏನಿಲ್ಲ. ಆ ಸೊಸೆಗೆ ಅಳೋದು ಬಿಟ್ಟು ಬೇರೆ ಕೆಲಸ ಕೊಡದಿದ್ದದ್ದು ಬರೆಯೋರ ಸೋಮಾರಿತನ. ಬೇಸರ ಬೇರೆ, ಕೋಪ ಬೇರೆ. ಆದರೆ ಸೊಸೆ ಒಂದು ದಿನ ಕಣ್ಣೊರೆಸಿಕೊಂಡು "ಅತ್ತೆ, ನೀವು ಮಾಡಿದ್ದು ತಪ್ಪು" ಅಂತ ಎದ್ದು ನಿಂತಳು ಅಂದ್ಕೊಳ್ಳಿ. ಆಗ "ಅಬ್ಬಾ, ಈಗ ಬಂತು ನೋಡು ಮಜಾ" ಅನ್ನಿಸಿದ್ರೆ ನೀವು ಕಥೆ ನೋಡ್ತಿದ್ದೀರಿ. "ಇವಳಿಗೆಷ್ಟು ಕೊಬ್ಬು" ಅನ್ನಿಸಿದ್ರೆ, ಆ ಮಾತು ಬಂದದ್ದು ಸೀರಿಯಲ್‌ನಿಂದ ಅಲ್ಲ, ಮನೆಯಿಂದ. ಯಾವ ಸೊಸೆಯನ್ನ ನೋಡಿ ಬಂತು ಅನ್ನೋದು ನಿಮಗೇ ಗೊತ್ತಿರುತ್ತೆ.

ಇದನ್ನ ನಾನು ಸೀರಿಯಲ್‌ಗೆ ಮಾತ್ರ ಹೇಳ್ತಿಲ್ಲ. ಟಿವಿ ನೋಡೋರಿಗೆ ಪರದೆ ಮೇಲಿನವರು ತಮ್ಮ ಆಪ್ತರೇ ಅನ್ನಿಸಿಬಿಡ್ತಾರೆ ಅಂತ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನೋ ಇಬ್ಬರು 1956ರಲ್ಲೇ ಬರೆದಿದ್ದರು. ಒಂದು ಕಡೆಯಿಂದ ಮಾತ್ರ ಇರೋ ಸ್ನೇಹ ಅದು. ಅವರು ಮುಖ್ಯವಾಗಿ ಬರೆದದ್ದು ಯಾರ ಬಗ್ಗೆ ಗೊತ್ತಾ? ಧಾರಾವಾಹಿ ವಿಲನ್ ಬಗ್ಗೆ ಅಲ್ಲ. ಕ್ಯಾಮೆರಾ ನೋಡಿ "ನಮಸ್ಕಾರ" ಅನ್ನೋ ಕಾರ್ಯಕ್ರಮ ನಿರೂಪಕರ ಬಗ್ಗೆ. ಅಂದ್ರೆ ನಮ್ಮಂಥವರ ಬಗ್ಗೆ.

ನ್ಯೂಸ್ ಚಾನೆಲ್‌ಗಳ ಚರ್ಚೆ ನೆನಪು ಮಾಡ್ಕೊಳ್ಳಿ. ನಾಲ್ಕು ಜನ ಕೂತಿರ್ತಾರೆ. ಒಬ್ಬ ಇರ್ತಾನೆ, ಕೂಗ್ತಾನೆ, ಯಾರಿಗೂ ಮಾತಾಡೋಕೆ ಬಿಡಲ್ಲ, ಮೈಕ್ ಕಿತ್ತು ಎದ್ದು ಹೋಗ್ತೀನಿ ಅಂತಾನೆ. "ಆ ಮನುಷ್ಯನ್ನ ಕಂಡ್ರೆ ಮೈ ಉರಿಯುತ್ತೆ ಸರ್" ಅಂತ ಹೇಳೋ ವೀಕ್ಷಕರೇ ಅವನು ಇದ್ದಾನೆ ಅಂದ್ರೆ ಚಾನೆಲ್ ಬದಲಿಸಲ್ಲ. ರೇಟಿಂಗ್ ಲೆಕ್ಕ ಹಾಕೋರಿಗೆ ಇದು ಚೆನ್ನಾಗಿ ಗೊತ್ತು, ಅವನಿಗೇ ಮತ್ತೆ ಫೋನ್ ಹೋಗುತ್ತೆ. ಸೀರಿಯಲ್ ಅತ್ತೆ ಹೇಗೆ ಕಥೆ ಓಡಿಸ್ತಾಳೋ ಇವನು ಹಾಗೇ ಚರ್ಚೆ ಓಡಿಸ್ತಾನೆ. ಪಕ್ಕದಲ್ಲಿ ಮೂವತ್ತು ವರ್ಷ ನೀರಾವರಿಯನ್ನೋ ತೆರಿಗೆಯನ್ನೋ ಅರೆದು ಕುಡಿದ ಒಬ್ಬರು ಅಂಕಿ ಅಂಶ ಹಿಡಿದು "ಸ್ವಲ್ಪ ತಾಳಿ, ಈ ಮಾತು ಸರಿಯಿಲ್ಲ" ಅಂತಿರ್ತಾರೆ. ಅವರು ಬಾಯಿ ತೆರೆದಾಗ ರಿಮೋಟ್‌ಗೆ ಕೈ ಹೋಗುತ್ತಲ್ಲ, ಅವರೇ ಇಲ್ಲಿನ ಸ್ಕೈಲರ್. ಸೀರಿಯಲ್‌ನಲ್ಲಿ ಬೇಲಿ ಇತ್ತು, ಅತ್ತೆ ಬರೀ ಪಾತ್ರ. ಚರ್ಚೆಯಲ್ಲಿ ಬೇಲಿ ಎಲ್ಲಿದೆ? ಆ ಕೂಗುಮಾರಿ ನಾಳೆ ನಿಮ್ಮ ಕ್ಷೇತ್ರದಲ್ಲಿ ಟಿಕೆಟ್ ತಗೊಂಡು ಬರಬಹುದು. ಆಗ ಗುಂಡಿ ಒತ್ತೋದು ರಿಮೋಟ್‌ನದ್ದಲ್ಲ.

ಪಾತ್ರ ಯಾವುದು, ಮನುಷ್ಯ ಯಾರು ಅನ್ನೋ ಗೆರೆ ನಮ್ಮ ದೇಶದಲ್ಲಿ ಯಾವಾಗಲೂ ಸ್ವಲ್ಪ ತೆಳುವೇ. ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಕುಂಟುತ್ತಾ ನಡೆಯೋ ಶಕುನಿ ಮಾಡಿದ ಗೂಫಿ ಪೇಂಟಲ್ ಸಂದರ್ಶನಗಳಲ್ಲಿ ಹೇಳ್ತಿದ್ದರು, ಯುದ್ಧ ನಿಲ್ಲಿಸದಿದ್ರೆ ನಿನ್ನ ಇನ್ನೊಂದು ಕಾಲೂ ಮುರೀತೀನಿ ಅಂತ ವೀಕ್ಷಕರೊಬ್ಬರು ಕಾಗದ ಬರೆದಿದ್ದರಂತೆ. ನಮ್ಮ ಕನ್ನಡದ ಖಳನಾಯಕಿಯರೂ ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ ಅಜ್ಜಿಯರು ನೆಟಿಗೆ ಮುರಿದು ಬೈದ ಕಥೆ ಹೇಳೋದನ್ನ ಕೇಳಿರ್ತೀರಿ. ನಗು ಬರುತ್ತೆ, ಆದರೆ ಆನಾ ಗನ್ ಅನುಭವಿಸಿದ್ದೂ ಇದರದ್ದೇ ದೊಡ್ಡ ರೂಪ.

ಉಲ್ಟಾ ನಡೆದದ್ದೂ ಉಂಟು. ರಮಾನಂದ ಸಾಗರ್ ಅವರ 'ರಾಮಾಯಣ' 1987ರಲ್ಲಿ ದೂರದರ್ಶನಕ್ಕೆ ಬಂತು. ಅದರ ರಾವಣ ಅರವಿಂದ ತ್ರಿವೇದಿ. ಆ ನಗು, ಆ ಠೀವಿ ನೋಡಿದವರು ಮರೆಯಲ್ಲ. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಗುಜರಾತಿನ ಸಾಬರಕಾಂಠಾ ಕ್ಷೇತ್ರದಿಂದ ಬಿಜೆಪಿ ಟಿಕೆಟ್‌ನಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ, ಅದೇ ಪಕ್ಷದಿಂದ ಬರೋಡಾದಲ್ಲಿ ಗೆದ್ದವರು ದೀಪಿಕಾ ಚಿಖಲಿಯಾ, ಅಂದ್ರೆ ಸೀತೆ. ಅಪಹರಿಸಿದವನೂ ಅಪಹರಣಕ್ಕೆ ಒಳಗಾದವಳೂ ಒಂದೇ ಸದನದಲ್ಲಿ, ಒಂದೇ ಸಾಲಿನ ಕಡೆ! ಜನ ಸೀತೆಗೆ ಓಟು ಹಾಕಿದ್ದು ಭಕ್ತಿಗೆ ಅನ್ನಬಹುದು. ರಾವಣನಿಗೆ ಹಾಕಿದ್ದು ಯಾತಕ್ಕೆ? ಪಕ್ಷ ನೋಡಿ ಹಾಕಿದವರೂ ಇರ್ತಾರೆ, ಮುಖ ನೋಡಿ ಹಾಕಿದವರೂ ಇರ್ತಾರೆ. ತ್ರಿವೇದಿ ಅವರು ನಿಜ ಜೀವನದಲ್ಲಿ ಶ್ರೀರಾಮನ ದೊಡ್ಡ ಭಕ್ತರಾಗಿದ್ದರು.

2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಮಾರ್ಚ್ 28ರಿಂದ 'ರಾಮಾಯಣ'ವನ್ನ ಮತ್ತೆ ಹಾಕ್ತು. ಮನೆಯಲ್ಲೇ ಕೂತಿದ್ದ ದೇಶ ಇಡೀ ನೋಡ್ತು. ಆಗ ಒಂದು ಸಣ್ಣ ವಿಡಿಯೋ ಎಲ್ಲರ ಮೊಬೈಲ್‌ಗಳಲ್ಲಿ ಹರಿದಾಡಿತ್ತು. ಎಂಬತ್ತು ದಾಟಿದ ಅರವಿಂದ ತ್ರಿವೇದಿ ತಮ್ಮ ಮನೆಯಲ್ಲಿ ಟಿವಿ ಮುಂದೆ ಕೂತಿದ್ದಾರೆ. ಪರದೆ ಮೇಲೆ ಸೀತಾಪಹರಣ ನಡೀತಿದೆ. ಎಳೆದುಕೊಂಡು ಹೋಗ್ತಿರೋ ರಾವಣ ಅವರೇ. ಅದನ್ನ ನೋಡ್ತಾ ನೋಡ್ತಾ ಆ ಮುದುಕ ಎರಡೂ ಕೈ ಎತ್ತಿ ಪರದೆಗೆ ಮುಗೀತಾರೆ.